ಸೌಭಾಗ್ಯಳ ಮುಂದಿನ ಬ್ರೇಕು

ಬೈಕು ಕಲಿಯುವ ದಿನಗಳಲ್ಲಿ ಸೌಭಾಗ್ಯ ಬೀಳುವುದು ಯಾವಾಗಲೂ ಒಂದೇ ರೀತಿ. ಮುಂದಿನ ಚಕ್ರ ನೆಟ್ಟಗಿರುತ್ತದೆ, ಹಿಂದಿನದು ಜಾರಿ ಪಕ್ಕಕ್ಕೆ ಬರುತ್ತದೆ, ಗಾಡಿ ಅಡ್ಡವಾಗುತ್ತದೆ, ಇವಳು ಎಡಗೈ ಊರುತ್ತಾಳೆ. ಆಮೇಲೆ ಗಾಡಿ ತಳ್ಳಿಕೊಂಡು ಮನೆಗೆ ಬಂದು ಬಚ್ಚಲಲ್ಲಿ ಮೊಣಕೈ ತೊಳೆದುಕೊಳ್ಳುತ್ತಾಳೆ. ನಾನು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅರಿಶಿನದ ಡಬ್ಬಿ ಹಿಡಿದು ಹೋಗುತ್ತೇನೆ. ಅವಳು ಅಳುವುದಿಲ್ಲ. "ಯಾಕಕ್ಕ ಇಂಗಾಗ್ತೈತೆ?" ಎಂದು ಕೇಳುತ್ತಾಳೆ. ಬಹಳ ದಿನ ನನಗೂ ಉತ್ತರ ಗೊತ್ತಿರಲಿಲ್ಲ.

ಅವಳು ನನ್ನ ಮೈದುನ ಲೋಕನಾಥನ ಹೆಂಡತಿ. ಮಡಕಶಿರಾ ಕಡೆಯ ರೊಳ್ಳದವಳು. ತವರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಹೊತ್ತು, ರೇಷ್ಮೆ ಹುಳುವಿಗೆ ಹಾಕಿ ಬೆಳೆದವಳು. ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ನಮ್ಮ ಮನೆಯಲ್ಲಿ ಅವಳಿಗೂ ಒಂದು ಹೊಲಿಗೆ ಮಷೀನು ಕಾದಿತ್ತು. ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲರದೂ ಜೀನ್ಸ್ ಕೆಲಸವೇ. ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸಿ ಗಂಟು ಕಟ್ಟಿ ಕಳಿಸುತ್ತಾರೆ, ನಾವು ಹೊಲಿದು ವಾಪಸು ಕೊಡುತ್ತೇವೆ. ಸೌಭಾಗ್ಯಳನ್ನು ಜೇಬು ಹೊಲಿಯಲು ಕೂರಿಸಿದೆವು. ಹೊಲಿಗೆ ಅವಳಿಗೆ ಬೇಗ ಬಂತು. ದಿನವಿಡೀ ಗೋಡೆ ನೋಡಿಕೊಂಡು ಕೂರುವುದು ಮಾತ್ರ ಬರಲಿಲ್ಲ.

ಗುಮ್ಮಗಟ್ಟದ ಕಡೆಯ ಹಳ್ಳಿಗಳಲ್ಲೂ ಜೀನ್ಸ್ ಹೊಲಿಯುವ ಹೆಂಗಸರಿದ್ದಾರೆ. ಅವರಿಗೆ ಗಂಟು ಮುಟ್ಟಿಸುತ್ತಿದ್ದ ಆಟೋದವನು ಕೆಲಸ ಬಿಟ್ಟ ಎಂದು ಯೂನಿಟ್ಟಿನ ಮೇಸ್ತ್ರಿ ಬಾಲರಾಜು ನಮ್ಮ ಮನೆಯಲ್ಲಿ ಕೂತು ಹೇಳುತ್ತಿದ್ದ. ಸೌಭಾಗ್ಯ ಮಷೀನು ನಿಲ್ಲಿಸಿ, "ನಾನು ಒಯ್ತೀನಿ" ಎಂದಳು.

"ನಿನಗ ಗಾಡಿ ಬರ್ತೈತೇನಮ್ಮ?"

"ಕಲೀತೀನಿ."

"ಸರೇ. ದಸರಾದೊಳಗ ಕಲ್ತು, ನಾ ಕೊಟ್ಟ ಗಂಟು ಗುಮ್ಮಗಟ್ಟಕ್ಕ ಮುಟ್ಟಿಸಿ, ಅಲ್ಲಿ ಹೊಲದದ್ದು ತಗೊಂಡು ಬಾ. ಬಟ್ಟಿ ಮಣ್ಣಾಗದಂಗ ಬಂದ್ರ ಆ ಲೈನು ನಿನಗ. ಬಿದ್ದು ಹರಕೊಂಡು ಬಂದ್ರ ಮತ್ತ ಜೇಬು ಹೊಲಿ."

ಲೋಕನಾಥ ಹೊಸ ಬೈಕು ತಗೊಂಡ ಮೇಲೆ ಅವನ ಹಳೆಯ ಬೈಕು ಮೂಲೆಯಲ್ಲಿ ನಿಂತಿತ್ತು. ಅದನ್ನು ರಿಪೇರಿ ಮಾಡಿಸಿಕೊಂಡು ಬಂದು, ಹಿಂದೆ ಕೂತು ಅವನೇ ಹೇಳಿಕೊಟ್ಟ.

"ಎಡಗೈ ಕ್ಲಚ್ಚು, ಎಡಗಾಲು ಗೇರು, ಬಲಗಾಲು ಬ್ರೇಕು. ಅಷ್ಟ."

"ಬಲಗೈ ಅತ್ರ ಇನ್ನೊಂದೈತಲ್ಲ?"

"ಅದು ಮುಂದಿನ ಬ್ರೇಕು. ಅದರ ತಂಟಿಗೆ ಹೋಗಬ್ಯಾಡ. ಹಿಡಿದ್ರ ಲಾಗ ಹೊಡದು ಬೀಳ್ತಿ."

ಓಣಿಯಲ್ಲಿ ಗಾಡಿ ಬರುವ ಗಂಡಸರೆಲ್ಲ ಮೇಷ್ಟ್ರಾದರು. ಒಬ್ಬ ಚಕ್ರ ನೋಡಿಕೊಂಡು ಓಡಿಸು ಎಂದ, ಇನ್ನೊಬ್ಬ ಚಕ್ರ ನೋಡಲೇಬೇಡ ಎಂದ. ಚಹಾದ ಅಂಗಡಿಯಿಂದ, "ಏನಪ್ಪ ಲೋಕನಾಥ, ಹೆಂಡ್ತಿನ್ನ ರೇಸಿಗೆ ಬಿಡ್ತಿಯೇನು?" ಎಂದು ಕೂಗಿದರು. ಒಬ್ಬರ ಮಾತು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ, ಮುಂದಿನ ಬ್ರೇಕಿನ ವಿಷಯ ಬಿಟ್ಟು. ಅದನ್ನು ಮುಟ್ಟಬೇಡ ಎಂಬುದರಲ್ಲಿ ಊರಿಗೆ ಊರೇ ಒಂದಾಗಿತ್ತು.

ಖಾಲಿ ಗಾಡಿಯನ್ನು ಅವಳು ಸಲೀಸಾಗಿ ಓಡಿಸಿದಳು. ಹಿಂದೆ ಗಂಟು ಕಟ್ಟಿಕೊಂಡು ಊರ ಹೊರಗಿನ ಇಳಿಜಾರಿಗೆ ಹೋದರೆ ಮಾತ್ರ ಬೀಳುತ್ತಿದ್ದಳು. ಗಂಟು ಸರಿಯಿಲ್ಲ ಎಂದರು. ಚಪ್ಪಲಿ ಸರಿಯಿಲ್ಲ ಎಂದರು. ನಮ್ಮ ಅತ್ತೆ ಸರಸ್ವತಮ್ಮ, "ಕೈ ಮುರಕೊಂಡ್ರ ಗಂಟೂ ಇಲ್ಲ, ಜೇಬೂ ಇಲ್ಲ" ಎಂದರು. ನಾನು ಉಳಿದ ಜೀನ್ಸ್ ತುಂಡುಗಳನ್ನು ಎರಡು ಪದರ ಮಾಡಿ, ನಡುವೆ ಹತ್ತಿ ತುಂಬಿ, ಅವಳ ಮೊಣಕೈಗೂ ಮೊಣಕಾಲಿಗೂ ಕವಚ ಹೊಲಿದುಕೊಟ್ಟೆ. ಬೀಳದಂತೆ ಮಾಡಲು ನನಗೆ ತಿಳಿಯದು, ಬಿದ್ದರೆ ಚರ್ಮ ಉಳಿಯಲಿ ಎಂದು.

ಒಬ್ಬಳೇ ಹೋಗಿ ಒಬ್ಬಳೇ ಬಿದ್ದು ಬರುವುದು ಅವಳಿಗೆ ಸಾಕಾಗಿತ್ತು. ಭಾನುವಾರ ಲೋಕನಾಥ ಮತ್ತು ಅವನ ಗೆಳೆಯರು ಬೈಕುಗಳಲ್ಲಿ ಭೈರವಾನಿತಿಪ್ಪದ ಡ್ಯಾಮಿಗೆ ಹೊರಟಾಗ ತಾನೂ ಬರುತ್ತೇನೆ ಎಂದಳು.

"ನಿನ್ನ ಸಂಗಾಟ ಬಂದ್ರ ನಾವು ಎತ್ತಿನ ಬಂಡಿ ಹೊಡದಂಗ ಹೋಗಬೇಕಾಗ್ತೈತಿ. ಬೇಕಂದ್ರ ನನ್ನ ಹಿಂದ ಕೂಡು."

ಅವಳು ಕೂರಲಿಲ್ಲ. ಮಷೀನಿಗೆ ಹೋಗಿ ಕೂತಳು. ಆ ದಿನ ಅವಳು ಹೊಲಿದ ಜೇಬುಗಳೆಲ್ಲ ತಲೆಕೆಳಗಾಗಿದ್ದವು. ಬಿಚ್ಚಿದ್ದು ನಾನು.

ಆಮೇಲೆ ತವರಿಗೆ ಹೋದವಳು ಬೇರೆಯೇ ಮುಖ ಹೊತ್ತು ಬಂದಳು. ರೊಳ್ಳದಲ್ಲಿ ಅವಳ ಅಣ್ಣ ಮಾರುತಿ ತನ್ನ ಗಾಡಿಗೆ ಸೊಪ್ಪಿನ ಹೊರೆ ಕಟ್ಟಿ, ಹೊಲದ ಕಡೆಯ ರಸ್ತೆಯಲ್ಲಿ ಓಡಿಸಲು ಕೊಟ್ಟನಂತೆ. ಇವಳು ಬರೀ ಕಾಲಿನ ಬ್ರೇಕು ತುಳಿದದ್ದು ನೋಡಿ ಗಾಡಿ ನಿಲ್ಲಿಸಿದನಂತೆ.

"ಎಲ್ಡೂ ಹಿಡಿಯಮ್ಮಿ. ಹಿಂದಿಂದೇ ತುಳಿದ್ರೆ ಚಕ್ರ ಬಿಗ್ದು ಜಾರ್ತೈತೆ. ಮುಂದಿಂದು ಹಸಾ ಕರಿಯೋವಂಗೆ ಮೆತ್ಗೆ ಹಿಂಡ್ಬೇಕು. ಹ್ಯಾಂಡ್ಲು ತಿರುಗ್ಸಿದ್ದಾಗ, ಕೆಳ್ಗೆ ಮರ್ಳು ಇದ್ದಾಗ ಮಾತ್ರ ಹಿಂಡ್ಬ್ಯಾಡ."

"ಲಾಗ ಹೊಡೀತೀಯ ಅಂತಾರೆ ಕಣಣ್ಣ ನಮ್ಮೋರು."

"ಗಬಕ್ಕನೆ ಹಿಡಿದೋರು ಹೊಡೀತಾರೆ. ನೀನು ಹಿಂದಿಂದೇ ತುಳ್ದು ದಿನಾ ಬೀಳ್ತಿದ್ದೀಯಲ್ಲ, ಅದಕ್ಕೇನಂತಾರೆ ನಿಮ್ಮೋರು?"

ಹೊರೆ ಸಮೇತ ಗಾಡಿ ನೆಟ್ಟಗೆ ನಿಂತಿತು ಎಂದು ಅವಳು ನನಗೆ ಹೇಳುವಾಗ, ಅಡುಗೆ ಮನೆಯಲ್ಲಿ ಲಟ್ಟಣಿಗೆಯನ್ನೇ ಹ್ಯಾಂಡಲ್ ಮಾಡಿಕೊಂಡು ತೋರಿಸಿದಳು. ಮಗು ನಕ್ಕಿತು.

ಅದೇ ಖುಷಿಯಲ್ಲಿ ನಮ್ಮ ಗಾಡಿ ಹತ್ತಿ ಮುಂದಿನ ಬ್ರೇಕು ಹಿಂಡಿದಳು. ಹಿಡಿ ಸೀದಾ ಹ್ಯಾಂಡಲಿಗೆ ಬಂದು ತಗುಲಿತು. ಚಕ್ರಕ್ಕೆ ಏನೂ ಆಗಲಿಲ್ಲ.

ಮೆಕ್ಯಾನಿಕ್ ಮುತ್ತುರಾಜನ ಹತ್ತಿರ ಇಬ್ಬರೂ ಹೋದೆವು. ಅವನು ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದ.

"ಕೆಟ್ಟಿಲ್ರಿ ಅದು. ನಾನ ಸಡಿಲ ಮಾಡೀನಿ. ನಿಮ್ಮ ಯಜಮಾನ್ರು ಹೇಳಿದ್ರು."

"ಯಾಕೆ?" ಎಂದಳು ಸೌಭಾಗ್ಯ.

"ಹೆಣ್ಮಕ್ಕಳು ಕಲಿಯೋ ಗಾಡಿಗೆ ಎಲ್ರೂ ಮಾಡಸ್ತಾರ್ರಿ. ಗಾಬರಿ ಬಿದ್ದು ಹಿಡದುಬಿಡ್ತಾರಂತ. ಅಂಗನವಾಡಿ ಶಿವಲಕ್ಷ್ಮಿ ಮೇಡಮ್ಮೋರ ಗಾಡಿನೂ ಹಂಗ ಐತಿ, ಹೂವು ಮಾರೋ ಓಬಕ್ಕಂದೂ ಹಂಗ ಐತಿ."

"ಅವ್ರಿಗೆ ಗೊತ್ತೈತಾ?"

ಮುತ್ತುರಾಜ ಟ್ಯೂಬನ್ನು ನೀರಲ್ಲೇ ಬಿಟ್ಟ. ಎದ್ದು, ಮುಂದಿನ ಚಕ್ರದ ಹತ್ತಿರದ ನಟ್ಟು ಬಿಗಿ ಮಾಡಿಕೊಟ್ಟ.

ನಾವು ಅಲ್ಲಿಂದಲೇ ಶಿವಲಕ್ಷ್ಮಿಯ ಮನೆಗೆ ಹೋದೆವು. ಆಕೆ ವಿಷಯ ಕೇಳಿ, ಚೂಡಿದಾರದ ತೋಳು ಮೇಲೆತ್ತಿ ಮೊಣಕೈಯ ಕಲೆ ತೋರಿಸಿದಳು. "ನನ್ನ ಕೈಯಾಗ ದಮ್ಮಿಲ್ಲ ಅಂದ್ಕೊಂಡಿದ್ನಲ್ರಿ" ಎಂದಳು. ಓಬಕ್ಕ ಹೂವಿನ ಬುಟ್ಟಿಯ ಮುಂದೆ ಕೂತಲ್ಲೇ ಗಂಡನನ್ನೂ ಮುತ್ತುರಾಜನನ್ನೂ ಸೇರಿಸಿ ತೆಲುಗಿನಲ್ಲಿ ಬೈದಳು. ಸೌಭಾಗ್ಯ ಇಷ್ಟು ದಿನ ಹುಡುಕುತ್ತಿದ್ದ ಜೊತೆ ಹೀಗೆ ಸಿಕ್ಕಿತು. ಬೆಳಗಿನ ಹೊತ್ತು ಮಾರ್ಕೆಟ್ ಯಾರ್ಡಿನ ಖಾಲಿ ಜಾಗದಲ್ಲಿ ಮೂವರೂ ಸುಣ್ಣದ ಗೆರೆ ಎಳೆದುಕೊಂಡು, ಗೆರೆಗೆ ಸರಿಯಾಗಿ ನಿಲ್ಲಿಸುವುದನ್ನು ಕಲಿತರು. ರಸ್ತೆಗಿಳಿದರೆ ಒಬ್ಬರ ಹಿಂದೆ ಒಬ್ಬರು, ನಡುವೆ ದೂರ ಬಿಟ್ಟು, ಯಾರೂ ಯಾರನ್ನೂ ಹಿಂದೆ ಹಾಕದೆ. ಮಾರುತಿ ಫೋನಿನಲ್ಲಿ ಹೇಳಿದ್ದನ್ನು ಸೌಭಾಗ್ಯ ಉಳಿದಿಬ್ಬರಿಗೆ ಹೇಳುತ್ತಿದ್ದಳು.

ಮನೆಯಲ್ಲಿ ಮಾತ್ರ ಜಗಳವಾಯಿತು. "ನಿನ್ನ ಒಳ್ಳೇದಕ್ಕ ಮಾಡಿಸಿದ್ದು" ಎಂದ ಲೋಕನಾಥ. "ನನ್ನ ಮೊಣಕೈ ಕೇಳು, ಎಷ್ಟು ಒಳ್ಳೇದಾತು ಅಂತ" ಎಂದಳು ಅವಳು. ಅವನು ಅರಿಶಿನದ ಡಬ್ಬಿ ತಂದು ಅವಳ ಮುಂದಿಟ್ಟ. ಒಪ್ಪಿಕೊಂಡ ಎಂದುಕೊಂಡೆವು. ಒಂದು ಬೆಳಿಗ್ಗೆ ಯಾರ್ಡಿಗೆ ಹೊರಟು ಹಿಂಡಿ ನೋಡಿದರೆ ಹಿಡಿ ಮತ್ತೆ ಸಡಿಲ. ಈ ಸಲ ಮುತ್ತುರಾಜ ಮುಟ್ಟಿರಲಿಲ್ಲ.

ಲೋಕನಾಥ ಕೆಟ್ಟವನಲ್ಲ. ಅವಳಿಗೆ ಜ್ವರ ಬಂದರೆ ಕಾಲು ಒತ್ತುವವನು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬರುತ್ತದೆ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು.

ಬಾಲರಾಜು ಗುಮ್ಮಗಟ್ಟದ ಗಂಟು ಕೊಟ್ಟ ದಿನವೂ ಹಾಗೆಯೇ ಆಯಿತು. ಗಂಟನ್ನು ಸೀಟಿಗೆ ಬಿಗಿದು, ಹೆಲ್ಮೆಟ್ಟು ಹಾಕಿಕೊಂಡು, ಸೌಭಾಗ್ಯ ಬ್ರೇಕು ಹಿಂಡಿ ನೋಡಿದಳು. ಹಿಡಿ ಹ್ಯಾಂಡಲಿಗೆ ತಗುಲಿತು. ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ಲೋಕನಾಥ, "ಇವತ್ತೊಂದಿನರ ಹಿಂದಿನ ಬ್ರೇಕಷ್ಟ ಹಿಡಕೊಂಡು ನಿಧಾನ ಹೋಗು" ಎಂದ.

ಅತ್ತೆ ತಮ್ಮ ಮಷೀನಿನ ಡ್ರಾ ಎಳೆದು ಸ್ಪ್ಯಾನರ್ ತೆಗೆದು ಸೌಭಾಗ್ಯಳ ಕೈಗಿಟ್ಟರು. ಮಗನ ಕಡೆ ತಿರುಗಿ, "ನನ್ನ ಮಷೀನಿನ ಸ್ಕ್ರೂ ನಿಮ್ಮಪ್ಪ ದಿನಾ ಸಡಿಲ ಮಾಡಿಟ್ಟಿದ್ರ ನಿನ್ನ ಹೊಟ್ಟಿ ಹೆಂಗ ತುಂಬ್ತಿತ್ತಲೇ?" ಎಂದರು.

ಅವಳು ನೆಲಕ್ಕೆ ಕೂತು ನಟ್ಟು ಬಿಗಿ ಮಾಡಿದಳು, ಚಕ್ರ ತಿರುಗಿಸಿ ನೋಡಿದಳು. ಓಣಿಯ ತುದಿಯಲ್ಲಿ ಶಿವಲಕ್ಷ್ಮಿ, ಓಬಕ್ಕ ಹಾರನ್ ಹೊಡೆದರು.

"ನಾನೂ ಹಿಂದ ಬರ್ತೀನಿ" ಎಂದ ಲೋಕನಾಥ, ಬಾಯಲ್ಲಿ ನೊರೆ ಇಟ್ಟುಕೊಂಡೇ.

"ಬಾ. ದೂರ ಬಿಟ್ಟು ಬಾ. ನಾನೀಗ ಬೇಗ ನಿಲ್ಲಿಸ್ತೀನಿ."

ಅವಳು ಬೀಳುತ್ತಿದ್ದ ಅದೇ ಇಳಿಜಾರಿನಲ್ಲಿ ಕುರಿ ಹಿಂಡು ಅಡ್ಡ ಬಂತಂತೆ. ಎರಡೂ ಬ್ರೇಕು ಹಿಡಿದು ನೆಟ್ಟಗೆ ನಿಲ್ಲಿಸಿದಳಂತೆ. ಇದನ್ನು ನನಗೆ ಹೇಳಿದ್ದು ಓಬಕ್ಕ. ಹಿಂದೆಯೇ ಹೋಗಿದ್ದ ಲೋಕನಾಥ ಮನೆಗೆ ಬಂದು ತನ್ನ ಬೈಕು ಒರೆಸತೊಡಗಿದ. ಅವಳು ಗುಮ್ಮಗಟ್ಟದಿಂದ ವಾಪಸು ತಂದ ಹೊಲಿದ ಬಟ್ಟೆಯನ್ನು ಬಾಲರಾಜು ಕೊಡವಿ ನೋಡಿ, ಇನ್ನೊಂದು ಗಂಟು ಕೊಟ್ಟ.

ಈಗ ಆ ಲೈನು ಸೌಭಾಗ್ಯಳದು. ಅತ್ತೆಯ ಸ್ಪ್ಯಾನರ್ ಅವಳ ಗಾಡಿಯ ಚೀಲದಲ್ಲೇ ಇರುತ್ತದೆ. ಗಂಟು ಕಟ್ಟುವ ಮೊದಲು ದಿನವೂ ಕೂತು ನಟ್ಟು ಮುಟ್ಟಿ ನೋಡುತ್ತಾಳೆ. ಇತ್ತೀಚೆಗೆ ಅದು ಬಿಗಿಯಾಗಿಯೇ ಇರುತ್ತದೆ.

"ಆದ್ರೂ ನೋಡ್ಬೇಕಲ್ಲಕ್ಕ, ನಮ್ಮನೆ ಅಂಗಳದಾಗೇ ನಿಲ್ಸಿದ್ರೂ," ಎನ್ನುತ್ತಾಳೆ ಕೈಯ ಗ್ರೀಸು ಒರೆಸಿಕೊಳ್ಳುತ್ತ. ನಾನು ಹಳೆಯ ಜೀನ್ಸ್ ತುಂಡು ಕೊಡುತ್ತೇನೆ.