ಹನುಮಕ್ಕಜ್ಜಿಯ ತವರಿನ ಹುಳು

ದೆವ್ವ, ಪವಾಡ, ಬಿದ್ದ ಕನಸು ನಿಜವಾಯಿತು, ಇಂಥ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ, ಇಲ್ಲವೇ ಜಗಳಕ್ಕೆ ನಿಲ್ಲುತ್ತಿದ್ದೆ. "ನೀನು ಕಣ್ಣಾರೆ ಕಂಡೆಯಾ?" ಎಂದು ಕೇಳಿ ಹೇಳುವವರ ಬಾಯಿ ಮುಚ್ಚಿಸುವುದೆಂದರೆ ನನಗೆ ಬಲು ಖುಷಿ. ಇದೇ ಕಾರಣಕ್ಕೆ ನನ್ನ ಹೆಂಡತಿಯ ಅಣ್ಣ ಎರಡು ವರ್ಷ ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಈಗ ನಾನೇ ಇಂಥದೊಂದು ಸಂಗತಿ ಹೇಳಲು ಕುಳಿತಿದ್ದೇನೆ. ಅದನ್ನು ಕಣ್ಣಾರೆ ಕಂಡಿದ್ದೇನೆ, ಅದೂ ಹಾಡುಹಗಲಲ್ಲಿ. ನಗುವುದಾದರೆ ನಗಿ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆಗ ನಾನು ಮಹಾರಾಜರ ಸರ್ಕಾರದಲ್ಲಿ ಕೀಟಗಳ ಶಾಖೆಯ ಸಹಾಯಕ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೆರೆ, ಬಾವಿ, ಬೆಟ್ಟದ ಮೇಲಿನ ದೊಣೆ, ಎಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಬಲೆ ಹಾಕಿ, ಮುಳುಗುವ ಜೀರುಂಡೆಗಳನ್ನು ಹಿಡಿದು, ಜಾತಿವಾರು ವಿಂಗಡಿಸುವುದು ನನ್ನ ಕೆಲಸ. ಅವನ್ನು ನೀವೂ ನೋಡಿರುತ್ತೀರಿ. ಬಾವಿಯ ನೀರಿನಲ್ಲಿ ತಲೆಕೆಳಗಾಗಿ ನಿಂತು, ಹಿಂಭಾಗವನ್ನು ಮೇಲಕ್ಕೆ ಚಾಚಿ, ರೆಕ್ಕೆಯ ಚಿಪ್ಪಿನಡಿ ಒಂದಿಷ್ಟು ಗಾಳಿ ತುಂಬಿಕೊಂಡು ಸರ್ರನೆ ಕೆಳಗಿಳಿಯುತ್ತವಲ್ಲ, ಅವೇ. ಆ ಸೀಮೆಯ ಜನ ನನ್ನನ್ನು "ಹುಳದ ಅಮಲ್ದಾರ್ರು" ಎಂದು ಕರೆಯುತ್ತಿದ್ದರು. ಎದುರಿಗೆ ಗೌರವ, ಬೆನ್ನ ಹಿಂದೆ ಕಿಸಕಿಸ ನಗು.

ಸಿರಾ ತಾಲ್ಲೂಕಿನ ಹುಲಿಕುಂಟೆಯ ಹತ್ತಿರ ಮೆಟ್ಟಿಲಿಳಿದು ನೀರು ತರುವಂಥ ಹಳೆಯ ಬಾವಿಯೊಂದಿತ್ತು. ದೀಪಾವಳಿಯ ಹೊತ್ತಿಗೆ ಅಲ್ಲಿ ಬಲೆ ಹಾಕಿದಾಗ ಎಲ್ಲ ಕಡೆ ಸಿಗುವ ಕಂದು ಹುಳುಗಳ ಜೊತೆಗೆ ಬೇರೆ ಹನ್ನೆರಡು ಬಂದವು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡವು. ಚಿಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆ. ಶಾಖೆಯಲ್ಲಿದ್ದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಅಂಥ ಹುಳು ಯಾವುದರಲ್ಲೂ ಇರಲಿಲ್ಲ. ಎಲ್ಲವನ್ನೂ ಸ್ಪಿರಿಟ್ಟಿಗೆ ಹಾಕಿ ಕೊಂದು, ಒಣಗಿಸಿ, ಕಾಗದದ ಚೂಪು ತುದಿಗೆ ಅಂಟಿಸಿಟ್ಟೆ. ಹನ್ನೊಂದು ಹೆಣ್ಣು, ಒಂದೇ ಒಂದು ಗಂಡು.

ಈ ಕೆಲಸದಲ್ಲಿ ಗಂಡಿಗೇ ಬೆಲೆ. ಹೆಣ್ಣುಗಳು ನೋಡಲು ಹೆಚ್ಚುಕಡಿಮೆ ಒಂದೇ ತರ. ಗಂಡನ್ನು ಕತ್ತರಿಸಿ ಒಳಗಿನ ಅಂಗದ ಆಕಾರ ನೋಡಿದ ಮೇಲೆಯೇ ಇದು ಹೊಸ ಜಾತಿ ಎಂದು ಗಟ್ಟಿಯಾಗಿ ಹೇಳಬಹುದು. ನಮ್ಮ ಸಾಹೇಬರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಕತ್ತರಿಸಲು ಒಂದು, ಮಾದರಿಯಾಗಿ ಇಡಲು ಒಂದು ಬೇಕು. ಇನ್ನೊಂದು ಗಂಡು ತನ್ನಿ. ಸಿಗದಿದ್ದರೆ ಇದನ್ನೇ ಕತ್ತರಿಸೋಣ. ಕಂಡುಹಿಡಿದವರೆಂದು ನಿಮ್ಮ ಹೆಸರು ಅಚ್ಚಾಗುತ್ತದೆ" ಎಂದರು. ಸಹಾಯಕರ ಹೆಸರು ಅಚ್ಚಾಗುವುದು ಆ ಕಾಲದಲ್ಲಿ ಸಣ್ಣ ಮಾತೇ? ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಮುಚ್ಚುಮರೆ ಏಕೆ, ಆ ಹೆಸರಿಗಾಗಿ ನಾನು ಹಪಹಪಿಸುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ, ಹೋಲಿಸಿ ನೋಡಲೆಂದು ಆ ಹನ್ನೆರಡು ಹುಳುಗಳ ಡಬ್ಬಿಯನ್ನೂ ಹಿಡಿದು ಹುಲಿಕುಂಟೆಗೆ ಬಂದು ಚಾವಡಿಯಲ್ಲಿ ಇಳಿದುಕೊಂಡೆ. ನಾಲ್ಕು ದಿನ ಆ ಬಾವಿಯ ಮೂಲೆಮೂಲೆ ಜಾಲಾಡಿದೆ. ಕಂದು ಹುಳುಗಳು ಬೇಕಾದಷ್ಟು. ಹಳದಿ ಗೆರೆಯದು ಒಂದಾದರೂ ಬರಬಾರದೇ! ಮೊದಲ ಸಲವೇ ಇದ್ದಬದ್ದದ್ದನ್ನೆಲ್ಲ ಬಳಿದುಕೊಂಡು ಹೋಗಿದ್ದೇನೆಂದು ಆಗ ಹೊಳೆಯಿತು.

ನಾಲ್ಕನೆಯ ದಿನ ಮಧ್ಯಾಹ್ನ, ಸೊಸೆಯ ಕೈ ಹಿಡಿದುಕೊಂಡು ಒಬ್ಬ ಮುದುಕಿ ಚಾವಡಿಗೆ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದು ಏನೇನೂ ಕಾಣದು. ಹೆಸರು ಹನುಮಕ್ಕ.

"ಹುಳ ಹಿಡಿಯೋ ಸ್ವಾಮೇರು ನೀವೇನಾ? ನಮ್ಮೋರ್ನೆಲ್ಲ ಬಳ್ಕಂಡೋಗ್ಬುಟ್ರಂತೆ?" ಎಂದಳು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಸೊಸೆಯೇ ಬಿಡಿಸಿ ಹೇಳಿದಳು. ಅವರ ಕಡೆ ಮದುವೆಯಾಗಿ ಬರುವ ಹೆಣ್ಣು ತವರಿನ ಬಾವಿಯ ನೀರನ್ನು ಗಿಂಡಿಯಲ್ಲಿ ತಂದು ಗಂಡನ ಊರಿನ ಬಾವಿಗೆ ಸುರಿಯಬೇಕು. ಆಮೇಲೆಯೇ ಇಲ್ಲಿನ ನೀರು ಕುಡಿಯುವುದು. ಅಜ್ಜಿ ಬಂದದ್ದು ಪಾವಗಡದ ಆಚೆಯ ಒಂದು ಸಣ್ಣ ಹಳ್ಳಿಯಿಂದ. ಅವಳ ಗಿಂಡಿಯ ನೀರಿನ ಜೊತೆಗೆ ಆ ಹಳದಿ ಗೆರೆಯ ಹುಳುಗಳೂ ಬಂದಿದ್ದವಂತೆ.

"ನಾನು ಬಂದ ಮೂರನೇ ವರ್ಸಕ್ಕೆ ಪ್ಲೇಗು ಬಂತು ನಾಯನಾ," ಎಂದಳು ಅಜ್ಜಿ. "ಅಮ್ಮ, ಅಪ್ಪ, ಇಬ್ರು ತಮ್ಮಂದ್ರು, ಒಬ್ರೂ ಉಳೀಲಿಲ್ಲ. ಊರು ಬರಿದಾಗೋಯ್ತು, ಬಾವೀನೂ ಮುಚ್ಚೋಯ್ತು. ನಮ್ಮೋರು ಅಂತ ಇದ್ದಿದ್ದು ಇವೇ. ಒಂದ್ಸಲ ಮುಟ್ಟಿ ನೋಡ್ತೀನಿ, ಕೊಡ್ರಪ್ಪ."

ಒಣಗಿದ ಹುಳುವನ್ನು ಮುಟ್ಟಿದರೆ ಕಾಲು ಮುರಿಯುತ್ತದೆ. ಆದರೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ಜೊತೆಗೆ ಕೆಟ್ಟ ಕುತೂಹಲ ಬೇರೆ. ಒಂದು ತಟ್ಟೆಗೆ ಕಂದು ಹುಳು ಇಪ್ಪತ್ತು, ಅಂಟು ಬಿಡಿಸಿದ ಹಳದಿ ಗೆರೆಯ ಹೆಣ್ಣು ಮೂರು ಹಾಕಿ, ಕಲಸಿ ಕೊಟ್ಟೆ. ಬೆರಳ ತುದಿಯಲ್ಲಿ ಒಂದೊಂದನ್ನೇ ಸವರಿ ಮೂರನ್ನೂ ಆರಿಸಿ ಬೇರೆ ಇಟ್ಟಳು. ಮತ್ತೆ ಕಲಸಿದೆ. ಮತ್ತೆ ಅವೇ ಮೂರು. ಗೆರೆ ಬಿಟ್ಟರೆ ಅವುಗಳಲ್ಲಿ ಭೂತಗನ್ನಡಿಯಡಿ ನನಗೇ ಬೇರೆ ವ್ಯತ್ಯಾಸ ಕಾಣುತ್ತಿರಲಿಲ್ಲ. ಇರಲಿ, ಬೆರಳಿಗೆ ಏನೋ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

"ಇನ್ನೊಂದೈತಲ್ಲ, ಗಂಡು. ಅದ್ನ ಯಾಕೆ ಮಡೀಕಂಡಿದ್ದೀರಿ?" ಎಂದಳು.

ಗಂಡಿನ ವಿಷಯ ಆ ಊರಿನಲ್ಲಿ ನಾನು ಯಾರೊಂದಿಗೂ ಆಡಿರಲಿಲ್ಲ. ಪೆಚ್ಚಾಗಿ ಡಬ್ಬಿ ತೆರೆದು, ಕಾಗದದ ಸಮೇತ ಅದನ್ನು ಅವಳ ಅಂಗೈಯಲ್ಲಿಟ್ಟೆ. ಸವರಿದಳು. "ಇದು ಸತ್ತಿಲ್ಲ ಕಣಪ್ಪಾ" ಎಂದಳು. ನಾನು ನಕ್ಕೆ. ಸ್ಪಿರಿಟ್ಟಿನಲ್ಲಿ ಎರಡು ದಿನ ನೆನೆದು, ಮೂರು ತಿಂಗಳು ಒಣಗಿದ ಹುಳು! ಅಷ್ಟರಲ್ಲಿ ಅವಳು ಬೆರಳಿಗೆ ಎಂಜಲು ಹಚ್ಚಿ ಅಂಟು ಬಿಡಿಸಿ, ಪಕ್ಕದಲ್ಲಿದ್ದ ಚೊಂಬಿಗೆ ಹುಳುವನ್ನು ಹಾಕಿಯೇಬಿಟ್ಟಳು. "ಅಯ್ಯಯ್ಯೋ!" ಎಂದು ಕೂಗಿಕೊಂಡೆ. ಎಡಗಡೆಯ ನಡುಗಾಲು ಕಾಗದಕ್ಕೇ ಅಂಟಿಕೊಂಡು ಉಳಿದಿತ್ತು.

ಹುಳು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಒಣಗಿದ್ದು ನೀರಿಗೆ ಬಿದ್ದರೆ ಮೆತ್ತಗಾಗುತ್ತದೆ, ಅಷ್ಟರಿಂದ ಕೆಡುವುದಿಲ್ಲ. ಎತ್ತೋಣವೆಂದು ಚಿಮುಟ ತೆಗೆದುಕೊಂಡೆ. ಹಿಂಗಾಲು ಅಲುಗಿತು. ನೀರು ಅಲುಗಿರಬೇಕು ಎಂದುಕೊಂಡೆ. ಮತ್ತೆ ಅಲುಗಿತು. ಆಮೇಲೆ ಎರಡೂ ಹಿಂಗಾಲುಗಳು ಹುಟ್ಟು ಹಾಕಿದಂತೆ ಬಡಿದವು. ಹುಳು ಮಗುಚಿಕೊಂಡಿತು, ತಳಕ್ಕಿಳಿಯಿತು, ಸ್ವಲ್ಪ ಹೊತ್ತಿನ ಮೇಲೆ ಮೇಲಕ್ಕೆ ಬಂದು ಹಿಂಭಾಗ ಚಾಚಿ ಗಾಳಿ ತೆಗೆದುಕೊಂಡಿತು.

ಚೊಂಬಿನ ನೀರಲ್ಲಿ ಮೊದಲೇ ಬೇರೊಂದು ಹುಳು ಇತ್ತು ಎನ್ನುತ್ತೀರಿ. ನಾನೂ ಅದನ್ನೇ ಮೊದಲು ಯೋಚಿಸಿದೆ. ಆ ನೀರನ್ನು ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ತುಂಬಿದವನು ನಾನೇ. ಭೂತಗನ್ನಡಿ ಹಿಡಿದು ಬಗ್ಗಿ ನೋಡಿದೆ. ಚೊಂಬಿನಲ್ಲಿದ್ದದ್ದು ಒಂದೇ ಹುಳು. ಅಂಚಿನಲ್ಲಿ ಹಳದಿ ಗೆರೆ. ಗಂಡಿಗೆ ಮಾತ್ರ ಇರುವ ಅಗಲವಾದ ಮುಂಗಾಲು. ಎಡಗಡೆಯ ನಡುಗಾಲು ಇರಲಿಲ್ಲ.

ಸ್ಪಿರಿಟ್ಟಿನ ಸೀಸೆ ಮಗ್ಗುಲಲ್ಲೇ ಇತ್ತು. ಚಿಮುಟ ಕೈಯಲ್ಲೇ ಇತ್ತು. ನನ್ನ ಹೆಸರು ಅಚ್ಚಾಗಬೇಕಾದರೆ ಮಾಡಬೇಕಾದದ್ದು ಇಷ್ಟೇ, ಅದನ್ನು ಇನ್ನೊಮ್ಮೆ ಕೊಲ್ಲುವುದು. ಅಜ್ಜಿ ಚೊಂಬಿನ ಕಂಠಕ್ಕೆ ಕಿವಿಯಾನಿಸಿ, ನನಗೆ ತಿಳಿಯದ ತನ್ನ ತವರಿನ ತೆಲುಗಿನಲ್ಲಿ ಅದರೊಂದಿಗೆ ಏನೋ ಮಾತಾಡುತ್ತಿದ್ದಳು. ಚಿಮುಟ ಕೆಳಗಿಟ್ಟೆ. ಅತ್ತೆ ಸೊಸೆ ಇಬ್ಬರೂ ಬಾವಿಯ ಕಡೆ ನಡೆದರು. ನಾನು ಹೆಡ್ಡನಂತೆ ಹಿಂದೆ ಹೋಗಿ, ಚೊಂಬು ಬರಿದಾಗುವುದನ್ನು ನೋಡಿಕೊಂಡು ನಿಂತೆ.

ಸಾಹೇಬರಿಗೆ ಗಂಡು ಕಳೆದುಹೋಯಿತೆಂದು ಹೇಳಿದೆ. ಬೈಗುಳ ತಿಂದೆ. ಸ್ಪಿರಿಟ್ಟಿನಲ್ಲಿ ಸತ್ತ ಹುಳು ಬದುಕುವುದುಂಟೇ ಎಂದು ಸುತ್ತಿಬಳಸಿ ಕೇಳಿದಾಗ, "ಬಿಸಿಲು ತಲೆಗೇರಿದೆ, ಒಂದು ವಾರ ರಜ ಹಾಕಿ" ಎಂದರು. ಆಮೇಲೆ ಎಷ್ಟೋ ಹುಳುಗಳನ್ನು ಕೊಂದೆ, ಎಷ್ಟನ್ನೋ ಒಣಗಿಸಿ ಮತ್ತೆ ನೀರಿಗೆ ಹಾಕಿ ಗಂಟೆಗಟ್ಟಲೆ ಕಾದೆ. ಒಂದೂ ಅಲುಗಲಿಲ್ಲ. ಆ ಕಾಗದದ ತುಂಡೂ ಅದರ ಮೇಲಿನ ಕಾಲೂ ಈಗಲೂ ನನ್ನ ಹತ್ತಿರ ಇವೆ. ನೋಡಬೇಕೆಂದವರಿಗೆ ತೋರಿಸುತ್ತೇನೆ. ಇದು ಹೇಗೆ ಆಯಿತೆಂದು ಮಾತ್ರ ನನ್ನನ್ನು ಕೇಳಬೇಡಿ.

ಮರುವರ್ಷ ಬೇರೆ ಕೆಲಸದ ನೆಪ ಮಾಡಿಕೊಂಡು ಹುಲಿಕುಂಟೆಗೆ ಹೋದೆ. ಅಜ್ಜಿ ಬಹಳ ಸೊರಗಿದ್ದಳು. ಬಾವಿಯ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದವಳು ನನ್ನ ದನಿ ಗುರುತು ಹಿಡಿದು, "ವಸಿ ನೋಡ್ರಪ್ಪಾ, ನಮ್ಮೋರು ಅವ್ರಾ?" ಎಂದಳು. ಹೆಣ್ಣುಗಳನ್ನೆಲ್ಲ ಕೊಂದವನು ನಾನು. ಒಂಟಿ ಗಂಡಿನಿಂದ ಸಂತತಿ ಉಳಿಯುವುದೆಂತು? ನನ್ನ ವಿದ್ಯೆಗೆ ಅದು ಗೊತ್ತು. ಆದರೂ ಮೆಟ್ಟಿಲಿಳಿದು ಮೂಲೆಯಲ್ಲಿ ಬಲೆ ಎಳೆದೆ. ಬಲೆಯ ಬಟ್ಟೆಯೊಳಗೆ ಏನೋ ಪಟಪಟನೆ ಬಡಿದುಕೊಳ್ಳುತ್ತಿತ್ತು.

ಹಳದಿ ಗೆರೆ ಕಂಡರೆ ನನ್ನ ಕೈ ಸೀಸೆಯ ಕಡೆ ಹೋಗುತ್ತದೆ, ನನ್ನ ಬುದ್ಧಿ ನನಗೆ ಗೊತ್ತು. ಕಾಣದಿದ್ದರೆ ಅಜ್ಜಿಗೆ ಏನು ಹೇಳಲಿ? ಬಲೆಯನ್ನು ನೋಡದೆ ನೀರಿಗೆ ಮಗುಚಿದೆ.

"ಅವ್ರೆ ಕಣಜ್ಜಿ" ಎಂದು ಮೇಲಕ್ಕೆ ಕೂಗಿ ಹೇಳಿದೆ.

"ಎಷ್ಟು ಜನ ಅವ್ರೆ?" ಅಜ್ಜಿ ಬಿಡಲಿಲ್ಲ.

"ಮನೆ ತುಂಬ ಅವ್ರೆ" ಎಂದೆ.