ಹೆಸರುಗಳನ್ನು ಗೋಪುರವಾಗಿ ಜೋಡಿಸಿದ್ದು

ಮಾವಿನೆಲೆಯ ತೋರಣವಿರುವ ಬಯೋಡೇಟಾ ಎಲ್ಲಾದರೂ ನೋಡಿದ್ದೀರಾ? ಮೊನ್ನೆ ಗುರುವಾರದ ತನಕ ನಾನೂ ನೋಡಿರಲಿಲ್ಲ. ಹಾಳೆಯ ನಾಲ್ಕೂ ಕಡೆ ಹಸಿರು ತೋರಣ, ಮೇಲಿನ ಎರಡು ಮೂಲೆಗಳಲ್ಲಿ ಪುಟ್ಟ ಕಳಶ, ನಡುವೆ ಹೆಸರು, ವಯಸ್ಸು, ವಿಳಾಸ. ಮದುವೆ ಪತ್ರಿಕೆಯ ಅಂಚನ್ನೇ ಎತ್ತಿ ಕೆಲಸದ ಅರ್ಜಿಗೆ ಹಾಕಿದ್ದರು. ತೆರೆದ ಕೂಡಲೇ ನಗು ಬಂತು. ಆಮೇಲೆ ಸಾಲುಗಳ ನಡುವೆ ಬಿಟ್ಟ ಜಾಗ ನೋಡಿದೆ, ನಗು ನಿಂತಿತು. ಹಾಗೆ ಜಾಗ ಬಿಡುವ ಕೈ ನನಗೆ ಗೊತ್ತಿತ್ತು.

ನಾನು ಇರುವುದು ನೆಲಮಂಗಲದಿಂದಾಚೆ, ಶಿವಗಂಗೆಗೆ ಹೋಗುವವರು ಕಾಫಿಗೆ ನಿಲ್ಲಿಸುವ ಹೋಟೆಲುಗಳ ಹಿಂಬದಿಯ ಒಂದು ಕಂಪನಿಯಲ್ಲಿ. ಉಪ್ಪಿನಕಾಯಿ ಬಾಟಲಿ, ಊದುಬತ್ತಿ ಪೊಟ್ಟಣ, ಎಣ್ಣೆ ಡಬ್ಬಿಗಳ ಲೇಬಲ್ಲು ಮಾಡುವುದು ನಮ್ಮ ಕಸುಬು. ನೀವು ಊಟದ ಮಧ್ಯೆ ತಿರುಗಿಸಿ ನೋಡಿ ಮರೆತುಬಿಡುವ ಚಿತ್ರಗಳೆಲ್ಲ ನಮ್ಮವೇ ಇರಬಹುದು. ಕನ್ನಡ ಲೇಬಲ್ಲುಗಳಿಗೆ ಒಬ್ಬ ಡಿಸೈನರ್ ಬೇಕೆಂದು ಹೋದ ತಿಂಗಳು ಜಾಹೀರಾತು ಕೊಟ್ಟಿದ್ದೆವು. ಬಂದ ಅರ್ಜಿಗಳನ್ನು ಈಗ ಕಂಪ್ಯೂಟರೇ ಜರಡಿ ಹಿಡಿಯುತ್ತದೆ. ಪದವಿ ಇದ್ದವರ ಹೆಸರು ಹಸಿರು, ಇಲ್ಲದವರದು ಬೂದು. ಹಸಿರಿನವರಲ್ಲಿ ಐದು ಜನರನ್ನು ಆರಿಸಿ ಶುಕ್ರವಾರ ಮ್ಯಾನೇಜರಿಗೆ ಕೊಡುವುದು ನನ್ನ ಕೆಲಸ. ಬೂದು ಹೆಸರನ್ನು ಯಾರೂ ತೆರೆಯುವುದಿಲ್ಲ. ನಾನು ತೆರೆದದ್ದು ಕೆಲಸಗಳ್ಳತನದಿಂದ, ಊಟದ ಬೆಲ್ಲಿಗೆ ಇನ್ನೂ ಹತ್ತು ನಿಮಿಷವಿತ್ತು ಎಂಬ ಒಂದೇ ಕಾರಣಕ್ಕೆ.

ನಾಗರತ್ನ, ವಯಸ್ಸು ಐವತ್ತೊಂದು, ದೊಡ್ಡಬಳ್ಳಾಪುರ. ವಿದ್ಯಾಭ್ಯಾಸ ಎಂಬಲ್ಲಿ, ಯಾವ ನಾಚಿಕೆಯೂ ಇಲ್ಲದೆ, ಎಸ್ಸೆಸ್ಸೆಲ್ಸಿ, ಗಣಿತದಲ್ಲಿ ಫೇಲ್. ಅನುಭವ ಎಂಬಲ್ಲಿ ಮೂವತ್ತೆರಡು ವರ್ಷ.

ಈ ನಾಗರತ್ನಕ್ಕನ ಪಕ್ಕದ ಕುರ್ಚಿಯಲ್ಲಿ ನಾನು ಎರಡು ವರ್ಷ ಕೂತಿದ್ದೆ. ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹತ್ತಿರ ಒಂದು ಲಗ್ನಪತ್ರಿಕೆ ಅಂಗಡಿ. ಹಿಂದಿನ ಓಣಿಯ ಮಗ್ಗಗಳು ಶುರುವಾದರೆ ನಮ್ಮ ಮೇಜೂ ಸಣ್ಣಗೆ ನಡುಗುತ್ತಿತ್ತು. ಅಕ್ಕ ಹತ್ತೊಂಬತ್ತನೇ ವಯಸ್ಸಿಗೆ ಕಾರ್ಡು ಮಡಿಸಲು ಬಂದವರು, ನೋಡಿ ನೋಡಿಯೇ ಅಕ್ಷರ ಜೋಡಿಸಲು ಕಲಿತವರು. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ನಾಲ್ಕು ವರ್ಷ ವಿನ್ಯಾಸ ಓದಿ, ಅಲ್ಲಿ ಯಾರೂ ಕೆಲಸ ಕೊಡದೆ, ಊರಿಗೆ ಮರಳಿದವನು. ನನ್ನ ಪದವಿ ಪತ್ರಕ್ಕೆ ನಮ್ಮಮ್ಮ ಕಟ್ಟು ಹಾಕಿಸಿ ದೇವರ ಗೂಡಿನ ಪಕ್ಕ ನೇತುಹಾಕಿದ್ದರು. ಆಯುಧಪೂಜೆಯ ದಿನ ಅಪ್ಪನ ಸ್ಕೂಟರಿಗೂ ಅದಕ್ಕೂ ಒಟ್ಟಿಗೇ ಕುಂಕುಮ ಬೀಳುತ್ತಿತ್ತು.

ಅಂಗಡಿಯ ಯಜಮಾನರಿಗಂತೂ ನಾನೊಂದು ತೋರಿಸುವ ವಸ್ತುವಾಗಿಬಿಟ್ಟೆ. ಬಂದವರಿಗೆಲ್ಲ, ನಮ್ಮಲ್ಲಿ ಡಿಗ್ರಿ ಮಾಡಿದ ಡಿಸೈನರ್ ಇದ್ದಾರೆ ಎನ್ನುತ್ತಿದ್ದರು. ನಾನು ಸುಮ್ಮನೆ ಕುತ್ತಿಗೆ ನೀಳ ಮಾಡಿಕೊಂಡು ಕೂರುತ್ತಿದ್ದೆ. ಅಕ್ಕ ಒಂದೇ ಕಾರ್ಡಿನಲ್ಲಿ ಐದು ಬಗೆಯ ಅಕ್ಷರ ಬಳಸುತ್ತಾರೆಂದು ಮೊದಲ ವಾರವೇ ಪಾಠ ಹೇಳಿದೆ. ಎರಡು ಸಾಕು, ಖಾಲಿ ಜಾಗವೂ ಮಾತಾಡುತ್ತದೆ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಎರಡು ಸಾಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮಾರನೆಯ ದಿನದಿಂದ ಎರಡೇ ಬಳಸಿದರು. ಕಾಲೇಜು ನನಗೇನೂ ಕಲಿಸಲಿಲ್ಲ ಎಂದು ಹೇಳಿದರೆ ಸುಳ್ಳಾದೀತು, ಅವರ ಕಾರ್ಡುಗಳು ಆಮೇಲೆ ನಿಜಕ್ಕೂ ಚೆನ್ನಾದವು. ಆದರೆ ಅವರಿಂದ ಕಲಿಯುವುದೇನಾದರೂ ಇದೆ ಎಂದು ನನಗೆ ಹೊಳೆಯಲೇ ಇಲ್ಲ.

ಅವರ ಕ್ರಮ ಹೀಗಿತ್ತು. ಗಿರಾಕಿ ಬಂದರೆ ಮೊದಲು ಕೂರಿಸಿ ನೀರು ಕೊಡುವುದು. ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಹುಡುಗಿಯ ತಾಯಿಗೆ ಅಣ್ಣತಮ್ಮಂದಿರು ಎಷ್ಟು ಜನ, ದೊಡ್ಡವರು ಯಾರು, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ, ಎಲ್ಲ ವಿಚಾರಿಸಿ, ರದ್ದಿ ಕಾರ್ಡಿನ ಹಿಂದೆ ವಂಶವೃಕ್ಷ ಬರೆದುಕೊಳ್ಳುವುದು. ಆಮೇಲೇ ‘ತಮ್ಮ ಆಗಮನಾಭಿಲಾಷಿಗಳು’ ಪಟ್ಟಿ. ಇದು ಹೆಂಗಸರ ಕಾಡುಹರಟೆ ಎಂದು ನಾನು ತಿಳಿದಿದ್ದೆ. ವಿನ್ಯಾಸಕ್ಕೂ ಯಾರದೋ ಮನೆಯ ಜಗಳಕ್ಕೂ ಏನು ಸಂಬಂಧ, ನೀವೇ ಹೇಳಿ.

ಸೇರಿ ಮೂರು ವಾರವಾಗಿತ್ತು, ಕೆಲಸ ಖಾಯಂ ಮಾಡುವ ಮೊದಲು ಒಂದು ತಿಂಗಳು ನೋಡುತ್ತೇನೆ ಎಂದು ಯಜಮಾನರು ಹೇಳಿದ್ದ ಗಡುವು ಇನ್ನೂ ಮುಗಿದಿರಲಿಲ್ಲ. ಅಕ್ಕ ತಾಯಿಯ ಕಣ್ಣಿನ ಆಪರೇಷನ್‌ಗೆಂದು ಎರಡು ದಿನ ರಜ ಹಾಕಿದರು. ಹೋಗುವಾಗ ಆವತಿ ಕಡೆಯವರೊಬ್ಬರ ಮಗಳ ಮದುವೆಯ ಹೆಸರುಗಳನ್ನು ನನ್ನ ಮೇಜಿನ ಮೇಲಿಟ್ಟು, ನಾನು ಬಂದು ನೋಡುವ ತನಕ ಪ್ರಿಂಟಿಗೆ ಕೊಡಬೇಡ ಎಂದಿದ್ದರು. ನಾನು ಹೂಂ ಎಂದೆ. ಹೆಸರುಗಳು ಹದಿನಾಲ್ಕು. ಅವನ್ನು ಒಂದರ ಕೆಳಗೊಂದು ಜೋಡಿಸಿದರೆ ಒಂದು ಉದ್ದ, ಒಂದು ಗಿಡ್ಡ, ಹಳೆಯ ಬೇಲಿಯ ಹಾಗೆ ಕಾಣುತ್ತಿತ್ತು. ಆಗ ನನ್ನ ನಾಲ್ಕು ವರ್ಷದ ವಿದ್ಯೆ ಎದ್ದು ಕೂತಿತು. ಅತಿ ಚಿಕ್ಕ ಹೆಸರನ್ನು ತುದಿಗಿಟ್ಟೆ, ಆಮೇಲೆ ಸ್ವಲ್ಪ ಉದ್ದದ್ದು, ಆಮೇಲೆ ಇನ್ನೂ ಉದ್ದದ್ದು. ಹದಿನಾಲ್ಕು ಹೆಸರೂ ಸೇರಿ ಒಂದು ದೇವಸ್ಥಾನದ ಗೋಪುರವಾಯಿತು. ಶಿಖರದಲ್ಲಿ ರವಿ. ತಳದಲ್ಲಿ, ಎಲ್ಲರನ್ನೂ ಹೊತ್ತುಕೊಂಡು, ಮುನಿವೆಂಕಟಸ್ವಾಮಪ್ಪ. ಖುಷಿಯಲ್ಲಿ ಫೋನಿನಲ್ಲಿ ಮೂರು ಫೋಟೋ ತೆಗೆದುಕೊಂಡೆ. ಯಜಮಾನರು ಅಂಗಡಿಯಲ್ಲಿರಲಿಲ್ಲ. ಪ್ರಿಂಟಿಗೆ ಹೋಯಿತು.

ರವಿ ಎಂದರೆ ಆ ಮನೆಯ ಎಂಟು ವರ್ಷದ ಹುಡುಗ. ಮುನಿವೆಂಕಟಸ್ವಾಮಪ್ಪ ಎಂದರೆ ಮದುವಣಗಿತ್ತಿಯ ಸೋದರಮಾವ, ತಾಯಿಗಿದ್ದ ಒಬ್ಬನೇ ಅಣ್ಣ.

ನಮ್ಮ ಕಡೆ ದೇವರ ಮುಂದಿಟ್ಟ ಮೇಲೆ ಮೊದಲ ಪತ್ರಿಕೆ ಹೋಗುವುದು ಸೋದರಮಾವನ ಮನೆಗೆ. ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಅವನು. ಆ ಮಾವ ತಟ್ಟೆಯಲ್ಲಿ ಬಂದ ಪತ್ರಿಕೆಯನ್ನು ಓದಿ, ಎಲೆ ಅಡಿಕೆಯನ್ನೂ ಮುಟ್ಟದೆ ತಟ್ಟೆ ಸಮೇತ ವಾಪಸು ಕಳಿಸಿದರು. ಮಕ್ಕಳೆಲ್ಲ ಆದಮೇಲೆ ನನ್ನ ಲೆಕ್ಕವಾದರೆ, ಮಕ್ಕಳೆಲ್ಲ ಉಂಡೆದ್ದ ಮೇಲೆ ಬರುತ್ತೇನೆ ಎಂದರಂತೆ. ಮದುವೆಗೆ ಒಂಬತ್ತು ದಿನವಿತ್ತು.

ಹುಡುಗಿಯ ತಂದೆ ಅಂಗಡಿಗೆ ಬಂದರು. ಹುಡುಗಿಯೂ ಬಂದಿದ್ದಳು, ಒಳಗೆ ಬರಲಿಲ್ಲ, ಬಾಗಿಲ ಹೊರಗೆ ಸೆರಗಿನ ತುದಿ ತಿರುಚುತ್ತಾ ನಿಂತಿದ್ದಳು. ಅತ್ತು ಅವಳ ಮುಖ ಊದಿಕೊಂಡಿತ್ತು. ತಂದೆ ಕೂಗಾಡಲಿಲ್ಲ, ಕೂಗಾಡಿದ್ದರೆ ನನಗೆ ವಾಸಿಯಿತ್ತು. ಪತ್ರಿಕೆಯನ್ನು ಮೇಜಿನ ಮೇಲಿಟ್ಟು, ಇದನ್ನು ಜೋಡಿಸಿದ್ದು ಯಾರು ಎಂದು ಕೇಳಿದರು.

ನಾಗರತ್ನಕ್ಕ ಅದೇ ಬೆಳಿಗ್ಗೆ ರಜೆ ಮುಗಿಸಿ ಬಂದಿದ್ದರು. ಪತ್ರಿಕೆ ಎತ್ತಿ ನೋಡಿದರು. ನನ್ನನ್ನು ನೋಡಿದರು. ನಾನು ಕಂಪ್ಯೂಟರಿನ ಪರದೆ ನೋಡಿದೆ.

“ನಾನೇ ಕಣಣ್ಣ,” ಎಂದರು ಅಕ್ಕ. “ರಜ ಹೋಗೋ ಮುಂಚೆ ಜೋಡ್ಸಿಟ್ಟು ಹೋಗಿದ್ದೆ. ಅಮ್ಮನ ಕಣ್ಣಿನ ಯೋಚ್ನೇಲಿದ್ದೆ. ಕೈ ತಪ್ಪೋಯ್ತು.”

ಮಧ್ಯಾಹ್ನದೊಳಗೆ ಹೊಸ ಪಟ್ಟಿ ಮಾಡಿ, ಮೊದಲ ಪ್ರತಿ ತೆಗೆದುಕೊಂಡು, ಆ ತಂದೆಯ ಜೊತೆ ಬಸ್ಸು ಹತ್ತಿ ಆವತಿಗೆ ಹೋದರು. ಅಲ್ಲಿ ಮಾವನ ಮುಂದೆ ತಟ್ಟೆ ಹಿಡಿದು, ತಪ್ಪು ನನ್ನದು, ಮಗುವಿನ ಮೇಲೆ ಕೋಪ ಬೇಡ ಎಂದು ಕೇಳಿಕೊಂಡರಂತೆ. ಮಾವ ಕೊನೆಗೆ ಕಾಫಿ ಕೊಟ್ಟು ಕಳಿಸಿದರು. ಮದುವೆಯೂ ಆಯಿತು. ಆದರೆ ಯಜಮಾನರು ಅಷ್ಟಕ್ಕೆ ಬಿಡಲಿಲ್ಲ. ಓದಿಲ್ಲದವರ ಕೈಗೆ ಕೊಟ್ಟರೆ ಹೀಗೇ ಎಂದು, ಇನ್ನು ಮೇಲೆ ಪ್ರತಿ ಪತ್ರಿಕೆಗೂ ಡಿಗ್ರಿಯವನ ಸಹಿ ಬೀಳಬೇಕೆಂಬ ನಿಯಮ ಮಾಡಿದರು. ಅಕ್ಕನ ಕುರ್ಚಿ ಒಂದು ವಾರದಲ್ಲಿ ಹಿಂದಿನ ಲ್ಯಾಮಿನೇಷನ್ ಕೋಣೆಗೆ ಹೋಯಿತು. ಅವರು ಅಲ್ಲಿಂದಲೇ ನನಗೆ ಹೆಸರುಗಳ ಕ್ರಮ ಹೇಳುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ. ಅವರನ್ನು ಅಲ್ಲಿಗೆ ಕಳಿಸಿದ್ದು ನನ್ನ ಬಾಯಿ. ಆ ಬಾಯಿ ಒಮ್ಮೆಯೂ ತೆರೆಯಲಿಲ್ಲ. ಎರಡು ವರ್ಷದ ಮೇಲೆ ಅನುಭವ ಪತ್ರ ಹಿಡಿದು ನಾನು ಅಲ್ಲಿಂದ ಹೊರಟೆ. ಆ ಪತ್ರ, ದೇವರ ಗೂಡಿನ ಪಕ್ಕದ ಪದವಿ ಪತ್ರ, ಎರಡೂ ಸೇರಿ ನನ್ನನ್ನು ಈ ಕಂಪನಿಯ ಒಳಗೆ ಬಿಟ್ಟವು.

ಗುರುವಾರ ಆ ಕಡತವನ್ನು ಎಷ್ಟು ಸಲ ತೆರೆದೆನೋ, ಎಷ್ಟು ಸಲ ಮುಚ್ಚಿದೆನೋ. ಮನೆಗೆ ಹೋದರೆ ಊಟ ಸೇರಲಿಲ್ಲ. ಹೆಂಡತಿ ಕೇಳಿದ್ದಕ್ಕೆ ಆಸಿಡಿಟಿ ಎಂದೆ. ನಮ್ಮಲ್ಲಿ ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ಅನ್ನುವುದೇನೋ ಸುಲಭ, ಗೇಟಿನಲ್ಲಿ ಕೇಳುವುದು ಆ ಒಕ್ಕಾಲನ್ನೇ. ಬೂದು ಹೆಸರೊಂದನ್ನು ಪಟ್ಟಿಗೆ ಸೇರಿಸಿದರೆ ಮ್ಯಾನೇಜರ್ ಏಕೆ ಎಂದು ಕೇಳುತ್ತಾರೆ. ಅವರು ನನಗಿಂತ ಹನ್ನೆರಡು ವರ್ಷ ಚಿಕ್ಕ ಹೆಣ್ಣುಮಗಳು, ಎರಡು ಡಿಗ್ರಿ, ಪ್ರಶ್ನೆ ನೇರ. ಒಂದು ಸಾಲು ಟೈಪ್ ಮಾಡಿದರೆ ಹತ್ತು ಚಿತ್ರ ಬರೆದುಕೊಡುವ ಯಂತ್ರ ಬಂದ ಮೇಲೆ, ನಲವತ್ತು ದಾಟಿದ ನಾನು ಇಲ್ಲಿ ಏಕಿದ್ದೇನೆ ಎಂಬ ಪ್ರಶ್ನೆಯೂ ಅವರ ಕಣ್ಣಿನಲ್ಲಿ ಇದೆಯೇನೋ ಎಂದು ನನಗೆ ಆಗಾಗ ಅನಿಸುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಸರಿ, ಹೇಳಿಬಿಡುತ್ತೇನೆ. ಅಕ್ಕನ ಹೆಸರನ್ನು ನೋಡಲೇ ಇಲ್ಲ ಎಂದು ಸುಮ್ಮನಿದ್ದುಬಿಡಬಹುದು ಎಂದು ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ತೀರ್ಮಾನಿಸಿಯೇ ಬಂದಿದ್ದೆ. ಹಸಿರಿನ ಐದು ಹೆಸರೂ ಸಿದ್ಧವಾಗಿದ್ದವು.

ಆದರೂ ಮಧ್ಯಾಹ್ನ ಮೂರೂವರೆಗೆ ಆ ತೋರಣದ ಕೆಳಗಿದ್ದ ನಂಬರಿಗೆ ಫೋನು ಮಾಡಿದೆ. ಕರೆ ತೆಗೆಯದಿದ್ದರೆ ಸಾಕು ಎಂದು ಒಳಗೊಳಗೇ ಹರಕೆ ಕಟ್ಟಿಕೊಂಡೆ. ಮೊದಲ ರಿಂಗಿಗೇ ತೆಗೆದರು. ನನ್ನ ಹೆಸರು ಹೇಳಿದ್ದಕ್ಕೆ ಅಮ್ಮ ಹೇಗಿದ್ದಾರೆ, ಮಕ್ಕಳು ಎಷ್ಟು ಎಂದೆಲ್ಲ ವಿಚಾರಿಸಿದರು. ಈಗ ಪತ್ರಿಕೆಯನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಫೋನಿನಲ್ಲೇ ಕಳಿಸುತ್ತಾರೆ, ಅಂಗಡಿ ಮುಚ್ಚಿ ಐದು ತಿಂಗಳಾಯಿತು ಎಂದರು. ಏಳು ಕಡೆ ಅರ್ಜಿ ಹಾಕಿದ್ದಾರಂತೆ. ಒಂದು ಕಡೆಯಿಂದಲೂ ಉತ್ತರವಿಲ್ಲವಂತೆ. ಬೇಡ ಎಂದಾದರೂ ಹೇಳಬಾರದಾ ಎಂದು ನಕ್ಕರು. ಆ ಏಳರಲ್ಲಿ ಒಂದು ನಾನು ಕೆಲಸ ಮಾಡುವ ಕಂಪನಿ ಎಂದು ಅವರಿಗೆ ಗೊತ್ತಿರಲಿಲ್ಲ, ನಾನೇ ಹೇಳಿದೆ.

ನಾನು ಆವತಿಯ ಪತ್ರಿಕೆಯ ಮಾತೆತ್ತಿದೆ. ಆ ತಪ್ಪು ನನ್ನದು, ಆವತ್ತು ನಾನು ಹೇಳಬೇಕಿತ್ತು ಎಂದೆ. ಇಷ್ಟು ವರ್ಷ ಗಂಟಲಲ್ಲಿದ್ದ ಮಾತು, ಹೇಳಿದರೆ ಹಗುರಾದೀತು ಎಂದುಕೊಂಡಿದ್ದೆ. ಆ ಕಡೆ ಕುಕ್ಕರ್ ಕೂಗಿದ್ದು ಕೇಳಿಸಿತು.

“ನಿನ್ ಕೆಲ್ಸ ಹೋಗುತ್ತೆ ಅಂತ ನಾನು ಹಂಗಂದೆ ಕಣಪ್ಪ. ಹೊಸಬ ನೀನು. ಆವತಿಯಿಂದ ವಾಪಸ್ ಬಂದು ಸಾಯಂಕಾಲ ಬಾಗ್ಲು ಹಾಕೋವರ್ಗೂ ನಿನ್ ಮುಖ ನೋಡ್ತಿದ್ದೆ. ಯಜಮಾನ್ರಿಗೆ ಒಂದ್ ಮಾತು ಹೇಳ್ತೀಯೇನೋ ಅಂತ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅವರೇ, ಪರೀಕ್ಷೆ ಇಟ್ಟರೆ ಬಂದು ಬರೆದು ಹೋಗುತ್ತೇನೆ, ಇಡದಿದ್ದರೂ ಪರವಾಗಿಲ್ಲ, ನೀನು ತೊಂದರೆ ಮಾಡಿಕೊಳ್ಳಬೇಡ ಎಂದರು. ದೊಡ್ಡಬಳ್ಳಾಪುರದಿಂದ ಇಲ್ಲಿಗೆ ನೇರ ಬಸ್ಸಿದೆಯಾ ಎಂದು ಮಾತ್ರ ಎರಡು ಸಲ ಕೇಳಿದರು.

ಫೋನಿಟ್ಟು ಎದ್ದೆ. ಕೂತರೆ ಮತ್ತೆ ಭಯವಾಗುತ್ತದೆ ಎಂದು ಗೊತ್ತಿತ್ತು. ಮ್ಯಾನೇಜರ್ ಕೋಣೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಅವರು ಇನ್ನೊಂದು ಮೀಟಿಂಗಿಗೆ ಹೊರಡುತ್ತಿದ್ದರು. ಪಟ್ಟಿ ಮೇಲ್ ಮಾಡಿಬಿಡಿ ಸಾಕು, ಬೇರೆ ಅರ್ಜೆಂಟ್ ಏನಾದರೂ ಇದೆಯಾ ಎಂದು ಕೇಳಿದರು. ಇಂಥ ಕಡೆ ನಾನು ಯಾವಾಗಲೂ, ಏನಿಲ್ಲ ಮೇಡಂ, ಆಮೇಲೆ ಬರುತ್ತೇನೆ ಎನ್ನುವವನು.

“ಇದೆ ಮೇಡಂ,” ಎಂದೆ. “ಪಟ್ಟೀಲಿ ಇಲ್ದೇ ಇರೋ ಒಂದ್ ಹೆಸರಿದೆ. ಅದಕ್ಕೆ ಮುಂಚೆ, ನಾನು ಮಾಡಿದ ಒಂದು ತಪ್ಪು ಹೇಳ್ಬೇಕು.”

ಅವರು ಲ್ಯಾಪ್‌ಟಾಪ್ ಮುಚ್ಚಿ ಕೂತರು. ನಾನು ಬಾಗಿಲು ಹಾಕಿಕೊಂಡೆ.