ಬುಟ್ಟಿ ಹೊತ್ತವರಿಗೆ ಹತ್ತದ ದೀಪ

ಮೀನು ಮಾರುವ ಆ ಹಿರಿಯ ಹೆಂಗಸಿನ ನೆತ್ತಿಯ ಮೇಲೆ ಚಹಾ ಲೋಟದ ಬಾಯಿಯಷ್ಟು ಅಗಲಕ್ಕೆ ಕೂದಲಿರಲಿಲ್ಲ. ಹಳೆಯ ಬಟ್ಟೆ ಸುತ್ತಿ ಮಾಡಿದ ಸಿಂಬಿ ವರ್ಷಗಟ್ಟಲೆ ಕೂತು ಕೂತು ಅಲ್ಲಿನ ಚರ್ಮ ನುಣ್ಣಗಾಗಿ ಹೊಳೆಯುತ್ತಿತ್ತು. ಸುತ್ತಲಿನ ಬಿಳಿ ಕೂದಲಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಗಂಟು ಕಟ್ಟುತ್ತಿದ್ದರು. ಇದನ್ನೆಲ್ಲ ಅಷ್ಟು ಹತ್ತಿರದಿಂದ ನೋಡಿದ್ದು ಏಕೆಂದರೆ, ಎಂಟು ತಿಂಗಳ ಕಾಲ ದಿನಾ ಬೆಳಿಗ್ಗೆ ಅವರ ತಲೆಗೆ ಮೀನಿನ ಬುಟ್ಟಿ ಹೊರಿಸಿದವಳು ನಾನು.

ನನಗೆ ಸಂಬಳ ಕೊಡುತ್ತಿದ್ದುದು ಬೇರೆ ಕೆಲಸಕ್ಕೆ. ನಾವುಂದದ ಹತ್ತಿರ ಹೆದ್ದಾರಿಯ ಡಿವೈಡರಿನಲ್ಲಿ ಒಂದು ಸಂದು ಇದೆ, ಜನ ದಾಟುವ ಜಾಗ. ಅಲ್ಲಿ ನಮ್ಮ ಸಂಶೋಧನಾ ತಂಡ ಕಂಬ ನೆಟ್ಟು ಕ್ಯಾಮೆರಾ ಕೂರಿಸಿತ್ತು. ಯಾರಾದರೂ ರಸ್ತೆಗೆ ಇಳಿದರೆ ಕ್ಯಾಮೆರಾದ ಹಿಂದಿನ ಯಂತ್ರ ಗುರುತಿಸಬೇಕು, ಸ್ವಲ್ಪ ಹಿಂದಿರುವ ಫಲಕದಲ್ಲಿ ಹಳದಿ ದೀಪ ಹತ್ತಬೇಕು, ಬರುವ ಲಾರಿ ಕಾರುಗಳು ನಿಧಾನಿಸಬೇಕು. ಗುರುತಿಸಿದ್ದರ ಸುತ್ತ ಯಂತ್ರ ನನ್ನ ಕಂಪ್ಯೂಟರಿನ ಪರದೆಯಲ್ಲಿ ಹಸಿರು ಚೌಕ ಎಳೆಯುತ್ತದೆ. ಒಬ್ಬರಿಗೆ ಒಂದು ಚೌಕ, ಇಬ್ಬರಿಗೆ ಎರಡು. ಚೌಕ ತಪ್ಪಿದ್ದರೆ ಕೈಯಿಂದ ತಿದ್ದುವುದು ನನ್ನ ಕೆಲಸ. ರಸ್ತೆ ಬದಿಯ ಬಾಡಿಗೆ ರೂಮು, ಒಂದು ಟೇಬಲ್ಲು, ಎರಡು ಪರದೆ. ದಿನವಿಡೀ ಸಾವಿರಾರು ಜನರನ್ನು ನೋಡುತ್ತಿದ್ದೆ, ಮಾತಾಡಲು ಮಾತ್ರ ಒಬ್ಬರೂ ಇರಲಿಲ್ಲ.

ಮೊದಲ ವಾರದಲ್ಲೇ ಅವರು ರಸ್ತೆಯಂಚಿನಲ್ಲಿ ಬುಟ್ಟಿ ಇಳಿಸಿಕೊಂಡು ಕೂತಿದ್ದನ್ನು ಕಂಡೆ. ಕಡಲತಡಿಯಿಂದ ಹೊತ್ತು ತಂದ ಮೀನು, ಮಾರಬೇಕಾದ ಮನೆಗಳು ರಸ್ತೆಯಾಚೆ. ವಾಹನಗಳ ಸಾಲು ಮುಗಿಯುವವರೆಗೆ ಅಷ್ಟು ಭಾರ ಹೊತ್ತು ನಿಲ್ಲಲಾಗದೆ ಇಳಿಸುತ್ತಿದ್ದರು. ಇಳಿಸಿದ್ದನ್ನು ಮತ್ತೆ ತಲೆಗೇರಿಸಲು ಇನ್ನೊಬ್ಬರು ಬೇಕು.

"ಹ್ವಾಯ್, ಒಂಚೂರ್ ಹೊರ್ಸ್ ಹೆಣ್ಣೆ" ಎಂದು ಕರೆದರು.

ನಾನು ಹಾಲಾಡಿ ಕಡೆಯ ದೇವಸ್ಥಾನದ ಓಣಿಯ ಹುಡುಗಿ. ಮನೆಯಲ್ಲಿ ಮೀನಿನ ಸುದ್ದಿಯೇ ಇಲ್ಲ. ಉಸಿರು ಬಿಗಿಹಿಡಿದು ಎತ್ತಿದ್ದು ನೋಡಿ ಅವರಿಗೆ ಎಲ್ಲ ಗೊತ್ತಾಯಿತು. "ತಿಂಬುಕ್ ಆಗ, ಹೊರ್ಸುಕ್ ಆತ್ತಾ?" ಎಂದು ಬಾಯಿ ತುಂಬ ನಕ್ಕರು. ಬಂಗುಡೆ ಮೀನಿನ ನೀರು ನನ್ನ ತೋಳಿಗಿಳಿಯಿತು. ಅಂದಿನಿಂದ ಅವರು ನನಗೆ ದೊಡ್ಡಮ್ಮ.

ಮೊದಲು ಐದು ಜನ ಹೆಂಗಸರು ಒಟ್ಟಿಗೆ ಹೋಗುತ್ತಿದ್ದರಂತೆ. ಒಬ್ಬರಿಗೊಬ್ಬರು ಹೊರಿಸಿ, ಕೊನೆಯವಳಿಗೆ ಆಗಲೇ ಬುಟ್ಟಿ ಹೊತ್ತವಳೊಬ್ಬಳು ಮಂಡಿ ಬಗ್ಗಿಸಿ ಎತ್ತಿಕೊಡುತ್ತಿದ್ದಳಂತೆ, ತಲೆಯ ಮೇಲಿನದು ಅಲ್ಲಾಡದ ಹಾಗೆ. ಈಗ ಮೀನು ಟೆಂಪೋದಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಉಳಿದ ನಾಲ್ವರೂ ಬಿಟ್ಟರು. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲದ ದೊಡ್ಡಮ್ಮ ಮಾತ್ರ ಬಿಡಲಿಲ್ಲ. ಅವರಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಯಾವುದಾದರೂ ಕಾರು ಹಾರ್ನ್ ಹೊಡೆದು ಹಾರಿಹೋದರೆ, "ಪಾಪ, ಎಲ್ಲಿಗ್ ಹೋಯ್ಕೋ ಏನೋ, ಹೋಯ್ಲಿ" ಎನ್ನುತ್ತಿದ್ದರು.

ಒಂದು ದಿನ ದಾಟಿ ಬಂದವರೇ ಸೊಂಟಕ್ಕೆ ಕೈಯಿಟ್ಟು ನಿಂತರು.

"ದನ ದಾಂಟ್ರೆ ನಿನ್ ದೀಪ ಹತ್ತತ್ತ್. ನಾ ದಾಂಟ್ರೆ ಎಂತಕ್ ಹತ್ತುದಿಲ್ಲ? ನಾ ದನಕ್ಕಿಂತ ಕಡಿಮಿಯಾ?"

ನಗುತ್ತಲೇ ರೂಮಿಗೆ ಹೋಗಿ ಹಳೆಯ ದೃಶ್ಯಗಳನ್ನು ತೆಗೆದು ನೋಡಿದೆ. ನಗು ನಿಂತಿತು. ದನಕ್ಕೆ ಚೌಕವಿತ್ತು, ಸ್ಕೂಟರಿಗಿತ್ತು. ದೊಡ್ಡಮ್ಮನಿಗೆ ಒಂದು ದಿನವೂ ಇರಲಿಲ್ಲ. ಬುಟ್ಟಿಯ ಪಕ್ಕ ಕೂತಾಗ ಅವರು ಯಂತ್ರಕ್ಕೆ ರಸ್ತೆ ಬದಿಯ ಸಾಮಾನು. ಬುಟ್ಟಿ ಹೊತ್ತು ಎದ್ದಾಗ, ತಲೆ ಇರಬೇಕಾದಲ್ಲಿ ಅಷ್ಟಗಲದ ವಸ್ತು ಕಂಡು ಯಂತ್ರ ಕೈಬಿಡುತ್ತಿತ್ತು. ಎಲ್ಲೋ ದೂರದ ನಗರಗಳ ಚಿತ್ರ ನೋಡಿ ಕಲಿತ ಯಂತ್ರ ಅದು. ಬುಟ್ಟಿ ಹೊತ್ತ ಮನುಷ್ಯರನ್ನು ಅದಕ್ಕೆ ಯಾರೂ ತೋರಿಸಿರಲಿಲ್ಲ. ದಿನಾ ಬುಟ್ಟಿ ಹೊರಿಸುತ್ತಿದ್ದ ನಾನೂ ಪರದೆಯ ಮುಂದೆ ಕೂತಾಗ ಹಸಿರು ಚೌಕಗಳನ್ನಷ್ಟೇ ನೋಡುತ್ತಿದ್ದೆ. ನಾಚಿಕೆಯಾಯಿತು.

ನಾಚಿಕೆಗಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಆ ಸಂದಿನಲ್ಲಿ ನಡೆದು ದಾಟುವವರು ಇಲ್ಲವೇ ಇಲ್ಲ ಎನ್ನಬಹುದು, ಮುಚ್ಚಬಹುದು ಎಂದು ನಮ್ಮ ವರದಿಯ ಕರಡು ಹೇಳುತ್ತಿತ್ತು. ಮುಚ್ಚಿದರೆ ಮುಂದಿನ ದಾಟುವ ಜಾಗಕ್ಕೆ ಆ ಭಾರ ಹೊತ್ತು ದೊಡ್ಡಮ್ಮ ನಡೆಯುವ ಹಾಗಿರಲಿಲ್ಲ. ಅವರಿಗೆ ಹೇಳಿದೆ.

"ಮುಚ್ಚಿದ್ರೆ ಮನಿಯಗ್ ಕೂಕಂಬುದ್" ಎಂದರು. ಸಿಂಬಿ ಬಿಚ್ಚಿ ಮತ್ತೆ ಸುತ್ತುತ್ತ, "ಮನಿಯಗ್ ಯಾರಿದ್ರ್ ಹೆಣ್ಣೆ ಮಾತಾಡುಕೆ?" ಎಂದರು.

ಯೋಜನೆಯ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಕೆಟ್ಟವರಲ್ಲ ಅವರು. ಒಬ್ಬರೇ ಹೆಂಗಸಿನ ಒಂದೇ ನಡಿಗೆ ನೋಡಿ ಯಂತ್ರ ಕಲಿಯುವುದಿಲ್ಲ, ಬೇರೆ ಬೇರೆ ಜನ, ಬೇರೆ ಬೇರೆ ನಡಿಗೆ ಇದ್ದರೆ ಕಳಿಸಿ ಎಂದರು. ದೊಡ್ಡಮ್ಮನಿಗೆ ಹುರುಪು ಬಂತು. ಹಳೆಯ ನಾಲ್ವರನ್ನೂ ಕರೆತರುವುದಾಗಿ ಹೇಳಿ, ಎರಡು ಸಂಜೆ ಮನೆಮನೆಗೆ ಹೋಗಿ ಬಂದರು.

ಗೊತ್ತುಮಾಡಿದ ದಿನ ಬೆಳಿಗ್ಗೆ ಕಾದೆವು. ಬಿಸಿಲೇರಿತು. ಒಬ್ಬರೂ ಬರಲಿಲ್ಲ. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಮೊಮ್ಮಗುವನ್ನು ಬಿಟ್ಟು ಬರಲಾಗದು, ಇನ್ನಿಬ್ಬರಿಗೆ ಈ ವಯಸ್ಸಿನಲ್ಲಿ ಮತ್ತೆ ಬುಟ್ಟಿ ಹೊರುವುದೆಂದರೆ ನಾಚಿಕೆ. ದೊಡ್ಡಮ್ಮ ಕಡಲ ದಾರಿಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಎದ್ದು ಸಿಂಬಿ ಸರಿಮಾಡಿಕೊಂಡರು.

"ಐದ್ ಜನ ಬತ್ರ್ ಅಂದಿದ್ದೆ ಅಲ್ದಾ? ಐದ್ ಸಲ ನಾನೇ ದಾಂಟ್ತೆ. ಹೊರ್ಸ್."

ಮೊದಲ ಸಲ ತಮ್ಮದೇ ನಡಿಗೆ. ಎರಡನೆಯ ಸಲ ಬಲಗಾಲು ಎಳೆದು ನಡೆದರು. "ಇದ್ ಆ ಮಂಡಿನೋವಿನವ್ಳ್." ಮೂರನೆಯ ಸಲ ಪುಟುಪುಟು ಓಟ. "ಇವ್ಳಿಗೆ ಯಾವಾಗ್ಳೂ ಗಡಿಬಿಡಿ." ನಾಲ್ಕನೆಯವಳು ಒಂದು ಕೈ ಬೀಸುತ್ತ ದಾರಿಯುದ್ದಕ್ಕೂ ಯಾರನ್ನೋ ಬೈಯುವವಳು. ಐದನೆಯವಳು ಹಿಂತಿರುಗಿ ಹಿಂತಿರುಗಿ ನೋಡುತ್ತಾ ಎಲ್ಲರಿಗಿಂತ ಹಿಂದೆ ಉಳಿಯುವವಳು. ಪ್ರತಿ ಸಲವೂ ಸೆರಗನ್ನು ಬೇರೆ ರೀತಿ ಕಟ್ಟಿಕೊಂಡರು. ನಾನು ಹೊಟ್ಟೆ ಹಿಡಿದು ನಕ್ಕೆ. ಐದನೆಯವಳಾಗಿ ಹಿಂತಿರುಗಿ ನೋಡಿದಾಗ ಅವರ ಮುಖ ಕಂಡಿತು. ಅವರು ನಗುತ್ತಿರಲಿಲ್ಲ. ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ನಿಜಕ್ಕೂ ನೋಡುತ್ತಿದ್ದರು.

ಐವರು ಎಂದು ನಾನು ಸುಳ್ಳು ಬರೆಯಲಿಲ್ಲ. ಒಬ್ಬರೇ, ಐದು ನಡಿಗೆ ಎಂದು ಬರೆದು, ಹಳೆಯ ದೃಶ್ಯಗಳಲ್ಲೆಲ್ಲ ಅವರ ಸುತ್ತ ಕೈಯಿಂದ ಚೌಕ ಎಳೆದು ಕಳಿಸಿದೆ. ಮುಖ್ಯಸ್ಥರು ನಕ್ಕರು, ಆದರೆ ಚಿತ್ರಗಳನ್ನು ಯಂತ್ರಕ್ಕೆ ತೋರಿಸಿದರು. ವರದಿಯಿಂದ ಸಂದು ಮುಚ್ಚುವ ಮಾತು ಹೋಯಿತು.

ಬೇಸಿಗೆಯ ಒಂದು ಬೆಳಿಗ್ಗೆ ದೊಡ್ಡಮ್ಮ ರಸ್ತೆಗಿಳಿದಾಗ ಹಳದಿ ದೀಪ ಹತ್ತಿತು. ದೂರದಲ್ಲಿ ಬರುತ್ತಿದ್ದ ಲಾರಿಯೊಂದು ವೇಗ ಇಳಿಸಿತು. ಅವರು ತಲೆಯಲ್ಲಾಡಿಸದೆ, ಎಂದಿನ ಗತಿಯಲ್ಲೇ ಆಚೆ ದಡ ಸೇರಿ ಕೂಗಿದರು: "ಅಂತೂ ನಾನೂ ದನದ್ ಸಮ ಆದೆ ಮಾರಾಯ್ತಿ!"

ಜೂನಿನಲ್ಲಿ ಮಳೆ ಹಿಡಿಯಿತು, ಬೋಟುಗಳು ದಡಕ್ಕೆ ಬಂದವು. ಮಳೆಗಾಲದ ಎರಡು ತಿಂಗಳು ಮೀನುಗಾರಿಕೆ ನಿಷೇಧವೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಗಾಗಿ ಪರದೆಯ ಮೇಲೆ ದೊಡ್ಡಮ್ಮ ಕಾಣದಿದ್ದರೂ ನನಗೆ ಏನೂ ಅನಿಸಲಿಲ್ಲ. ಮೀನಿಲ್ಲ, ಬರುವುದಿಲ್ಲ, ಅಷ್ಟೇ ಎಂದುಕೊಂಡು ರೂಮಿನಲ್ಲಿ ಕೂತು ವರದಿ ಬರೆದೆ. ಅವರ ಮನೆ ಹತ್ತು ನಿಮಿಷದ ದಾರಿ. ಒಮ್ಮೆಯೂ ಹೋಗಲಿಲ್ಲ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಇಳಿದ ಮೇಲೆ ನಾಲ್ಕು ದಿನ ರಸ್ತೆಯಂಚಿನಲ್ಲಿ ಕಾದೆ. ಐದನೆಯ ದಿನ, ಕಡಲ ಕಡೆಯಿಂದ ಬರುತ್ತಿದ್ದ ಹೆಂಗಸೊಬ್ಬಳು ಬಲಗಾಲು ಎಳೆಯುತ್ತ ನಡೆಯುವುದು ಕಂಡು ಮಂಡಿನೋವಿನವಳೆಂದು ಗುರುತು ಹಿಡಿದೆ. ನಾನು ಕೇಳುವ ಮೊದಲೇ ಹೇಳಿದಳು: "ಅವ್ರ್ ತೀರ್ಕಂಡ್ ತಿಂಗ್ಳಾಯ್ತಲೆ. ಜ್ವರ ಬಂದಿತ್ತ್. ಬಾಗ್ಲ್ ತೆಗಿಲಿಲ್ಲ ಅಂದ್ಕಂಡ್ ಮರ್‌ದಿನ ಹೋಯಿ ಕಂಡದ್ದ್."

ಯಾರೂ ಕಾಣದ ಒಬ್ಬರನ್ನು ಯಂತ್ರ ಕಾಣುವ ಹಾಗೆ ಮಾಡಿದೆನೆಂದು ನಾನು ಬೀಗಿದ್ದೆ. ಕಾಣದಿದ್ದಾಗ ಹೋಗಿ ನೋಡಬೇಕೆಂಬುದು ನನಗೇ ತಿಳಿಯಲಿಲ್ಲ. ಈ ದುಃಖ ಇನ್ನೂ ಇಳಿದಿಲ್ಲ.

ಆ ಸಂದು ಈಗಲೂ ತೆರೆದಿದೆ. ಹುಲ್ಲಿನ ಹೊರೆ ಹೊತ್ತವರು ಅಪರೂಪಕ್ಕೊಮ್ಮೆ ದಾಟುತ್ತಾರೆ. ದೀಪ ತಪ್ಪದೆ ಹತ್ತುತ್ತದೆ. ಹೊರೆ ಹೊತ್ತ ಮನುಷ್ಯರನ್ನು ಗುರುತಿಸಲು ಆ ಯಂತ್ರ ಕಲಿತದ್ದು ದೊಡ್ಡಮ್ಮನಿಂದ.

ಕೆಲಸ ಮುಗಿಸಿ ಹೊರಡುವ ಮೊದಲು ಅಷ್ಟೂ ತಿಂಗಳ ದೃಶ್ಯಗಳನ್ನು ಕೊನೆಯ ಸಲ ತಿದ್ದಬೇಕಿತ್ತು. ನಾನು ಬುಟ್ಟಿ ಹೊರಿಸುವ ಚಿತ್ರಗಳು ಬಂದವು. ಇಬ್ಬರೂ ಬಗ್ಗಿದ್ದೇವೆ, ನಾಲ್ಕು ಕೈ ಒಂದು ಬುಟ್ಟಿಯ ಮೇಲಿವೆ. ಹೊಸದಾಗಿ ಕಲಿತ ಯಂತ್ರ ಮತ್ತೆ ನೋಡಿ ನಮ್ಮಿಬ್ಬರನ್ನೂ ಸೇರಿಸಿ ಒಂದೇ ಚೌಕ ಎಳೆದಿತ್ತು. ಒಬ್ಬರು ಎಂದು ಎಣಿಸಿತ್ತು. ನಿಯಮದ ಪ್ರಕಾರ ಅದನ್ನು ಎರಡು ಮಾಡಬೇಕು. ಉಳಿದ ತಪ್ಪುಗಳನ್ನೆಲ್ಲ ತಿದ್ದಿದೆ. ಅದೊಂದನ್ನು ಹಾಗೆಯೇ ಬಿಟ್ಟು ಬಂದೆ.